ಗಾಳಿಕಂಡಿಗೆ ತುರುಕಿದ ತೋಳು

"ನಲವತ್ತನೇ ಬ್ಲಾಕು, ಹನ್ನೆರಡನೇ ಸೈಟು. ಎಲ್ಲಿ ಬರುತ್ತೆ?"

ಓಫೆಲಿಯಾ ಇದನ್ನು ಕೇಳಿದ್ದು ಅದು ಮೂರನೇ ಸಲ. ಗುಡ್ಡದ ಮೇಲೆ, ರಾತ್ರಿ ಹತ್ತೂಮುಕ್ಕಾಲಿಗೆ, ಅಂಗಡಿಯ ಷಟರ್ ಎಳೆಯುತ್ತಿದ್ದ ಮುದುಕನ ಹತ್ತಿರ. ಆತ ತಿರುಗಿಯೂ ನೋಡಲಿಲ್ಲ.

"ನಂಬರೆಲ್ಲ ಮುನಿಸಿಪಾಲಿಟಿ ನಕ್ಷೆಯಲ್ಲಿದೆ. ಇಲ್ಲಿ ನಾಯಿಗಳಿಗೆ ಮಾತ್ರ ಹೆಸರು."

"ಎರಡು ಹೆಣ್ಣುಮಕ್ಕಳಿರೋ ಮನೆ. ತಾಯಿ ಹೆಸರು ಯಾನಿನಾ."

"ಎಲ್ಲರ ಮನೇಲೂ ಮಕ್ಕಳಿದ್ದಾರೆ ತಾಯಿ. ಇಷ್ಟು ಚಳಿ ಊರಲ್ಲಿ ಜನ ಇನ್ನೇನು ಮಾಡ್ತಾರೆ."

ಘರ್ರ್ರ್... ಢಮ್. ಷಟರ್ ನೆಲಕ್ಕೆ ಬಿತ್ತು. ಒಳಗಿಂದ ಚಿಲಕ ಹಾಕಿದ ಸದ್ದು.

ಇದು ನನ್ನ ಪಕ್ಕದ ಮನೆಯವಳಿಗೆ ಆದದ್ದು. ಭೂಮಿಯ ದಕ್ಷಿಣ ತುದಿಯ ಈ ಕೊಮೊಡೊರೊ ಊರಿನಲ್ಲಿ ಹನ್ನೊಂದು ವರ್ಷ ಅವಳಿಗೂ ನನಗೂ ನಡುವೆ ಒಂದೇ ಗೋಡೆ. ಓಫೆಲಿಯಾ ಗ್ಯಾಸಿನ ಮೇಸ್ತ್ರಿ. ಲೈಸೆನ್ಸ್ ಇದ್ದವಳು, ಇಪ್ಪತ್ತೆಂಟು ವರ್ಷದ ಕೈ. ನಾನು ಊರೂರು ತಿರುಗಿ ಬಾಡಿಗೆ ಮನೆ ಹಿಡಿದವಳು. ಎಲ್ಲ ಕಡೆಯೂ ಮನೆಯವರು ಮೇಸ್ತ್ರಿಯನ್ನು ಕೇಳುವುದು ಅವೇ ನಾಲ್ಕು ಪ್ರಶ್ನೆ. ಬಿಸಿನೀರು ಯಾಕೆ ನಿಲ್ಲುತ್ತೆ, ಗೋಡೆ ಯಾಕೆ ಬೆವರುತ್ತೆ, ಹೀಟರಿನ ಉರಿ ಯಾಕೆ ಹಳದಿ, ಚಳಿ ಎಲ್ಲಿಂದ ಬರುತ್ತೆ. ಈ ಊರಲ್ಲಿ ಮಾತ್ರ ಐದನೆಯದೂ ಒಂದಿದೆ. ಗಾಳಿಕಂಡಿ ಮುಚ್ಚಬಹುದಾ?

ಗ್ಯಾಸ್ ಹೀಟರ್ ಇರುವ ಕೋಣೆಯ ಗೋಡೆಯಲ್ಲಿ, ನೆಲದ ಹತ್ತಿರ, ಅಂಗೈಗಿಂತ ಸ್ವಲ್ಪ ದೊಡ್ಡ ಕಂಡಿ ಇರಲೇಬೇಕು. ಕಾನೂನು. ಆದರೆ ಇಲ್ಲಿಯ ಗಾಳಿ ನಿಮಗೆ ಗೊತ್ತಿಲ್ಲ. ಒಣಹಾಕಿದ ಬಟ್ಟೆ ಹಾರಿಹೋಗಿ ಕ್ಲಿಪ್ಪು ಮಾತ್ರ ಉಳಿಯುವ ಊರು ಇದು. ನಮಗೆ ಜೂನ್ ಎಂದರೆ ನಡುಚಳಿಗಾಲ, ಆಗ ಆ ಕಂಡಿಯಿಂದ ಬರುವುದು ಗಾಳಿಯಲ್ಲ, ಚಾಕು. ಅದಕ್ಕೇ ಗ್ಯಾಸ್ ಕಚೇರಿಯವರ ಪರೀಕ್ಷೆಯ ದಿನ ಎಲ್ಲರ ಕಂಡಿಯೂ ತೆರೆದಿರುತ್ತದೆ, ಮರುದಿನ ಎಲ್ಲರ ಕಂಡಿಗೂ ಚಿಂದಿ ಬೀಳುತ್ತದೆ. ಮೇಸ್ತ್ರಿಗಳಿಗೂ ಗೊತ್ತು. ಕಣ್ಣು ಮಿಟುಕಿಸಿ ಹೋಗುತ್ತಾರೆ.

ಆ ಸಂಜೆ ಏಳಕ್ಕೆ ಯಾನಿನಾ ಎಂಬ ಹೆಂಗಸು ಫೋನ್ ಮಾಡಿದ್ದಳು. ಗುಡ್ಡದ ಮೇಲೆ ಬಾಡಿಗೆಗೆ ಬಂದು ತಿಂಗಳಾಗಿತ್ತಂತೆ. ಉರಿ ಹಳದಿ. ಕಿಟಕಿ ಒಳಗಿಂದ ಬೆವರುತ್ತಿದೆ. ಮಕ್ಕಳಿಬ್ಬರಿಗೂ ತಲೆನೋವು.

"ಹೀಟರ್ ಆರಿಸಿ. ಕಿಟಕಿ ತೆಗೀರಿ. ಮಕ್ಕಳನ್ನ ಪಕ್ಕದ ಮನೆಗೆ ಕರ್ಕೊಂಡು ಹೋಗಿ," ಅಂದಳು ಓಫೆಲಿಯಾ.

"ಹೊರಗೆ ನೀರು ಗಡ್ಡೆ ಕಟ್ಟಿದೆ. ನಿಮಗೇನು, ಬಾಯಿಗೆ ಬಂದದ್ದು ಹೇಳ್ತೀರಿ. ನಾಳೆ ಬರ್ತೀರೋ ಇಲ್ವೋ ಅದು ಹೇಳಿ."

ಫೋನ್ ಕಟ್ ಆಯಿತು. ಒಂಬತ್ತಕ್ಕೆ ಓಫೆಲಿಯಾ ತಾನೇ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಒಂಬತ್ತೂವರೆ... ಎತ್ತಲಿಲ್ಲ. ಕೋಟು ಹಾಕಿಕೊಂಡು, ಸಲಕರಣೆಯ ಚೀಲ ಹೆಗಲಿಗೇರಿಸಿ ಹೊರಟಳು. ಆ ಗುಡ್ಡದ ಕಡೆಗೆ ಅವಳು ನಾಲ್ಕು ವರ್ಷದಿಂದ ಕಾಲಿಟ್ಟಿರಲಿಲ್ಲ. ಅಷ್ಟರಲ್ಲಿ ಹೊಸ ಬೀದಿ, ಹೊಸ ನಂಬರು. ದಾರಿ ತಪ್ಪಿತು.

ಅಂಗಡಿ ದಾಟಿದರೆ ಎಣ್ಣೆಬಾವಿ. ನಮ್ಮಲ್ಲಿ ಮನೆಗಳ ನಡುವೆಯೇ ಅವು ಇವೆ. ಅವುಗಳ ಪಂಪಿನ ಕಬ್ಬಿಣದ ತಲೆ ಹಗಲೂ ರಾತ್ರಿ ಮೇಲೆ ಕೆಳಗೆ ತೂಗುತ್ತಿರುತ್ತದೆ. ಕಿಯ್ಯಾ... ಧಪ್. ಕಿಯ್ಯಾ... ಧಪ್.

ಅದರ ಬುಡದಲ್ಲಿ ಒಬ್ಬಳು ನಿಂತಿದ್ದಳು. ಮುದುಕಿ. ಬೆನ್ನು ಈ ಕಡೆ. ಬೂದು ಬಣ್ಣದ ಉಣ್ಣೆ ಸ್ವೆಟರು. ಸ್ವೆಟರಿಗೆ ಒಂದು ತೋಳು ಇತ್ತು. ಇನ್ನೊಂದು ತೋಳು ಇರಲಿಲ್ಲ. ಆ ಚಳಿಯಲ್ಲಿ ಎಡಗೈ ಭುಜದವರೆಗೂ ಬೆತ್ತಲೆ.

"ಅಮ್ಮಾ, ಹನ್ನೆರಡನೇ ಸೈಟು..."

"ಗೊತ್ತು," ಅಂದಳು ಮುದುಕಿ ಪಿಸುದನಿಯಲ್ಲಿ. "ನಡಿ."

ಮುಂದೆ ಅವಳು, ಹಿಂದೆ ಓಫೆಲಿಯಾ. ಜಲ್ಲಿಯ ದಾರಿ. ಓಫೆಲಿಯಾಳ ಬೂಟು ಕರಕ್ ಕರಕ್ ಅನ್ನುತ್ತಿತ್ತು. ಒಂದೇ ಜೊತೆ ಬೂಟಿನ ಸದ್ದು... ಅದು ಅವಳಿಗೆ ಆಮೇಲೆ ನೆನಪಾಯಿತು.

"ಗ್ಯಾಸಿನವಳಾ?"

"ಹೌದಮ್ಮ."

"ಉರಿ ಹಳದಿ ಯಾಕಾಗುತ್ತೆ?"

"ಕೋಣೆಯಲ್ಲಿ ಗಾಳಿ ಸಾಲದೆ."

"ಕಿಟಕಿ ಯಾಕೆ ಬೆವರುತ್ತೆ?"

"ಒಳಗಿನ ಹಬೆಗೆ ಹೊರಗೆ ಹೋಗೋ ದಾರಿ ಇಲ್ಲದೆ."

"ತಲೆ ಯಾಕೆ ನೋಯುತ್ತೆ?"

"ಹಳದಿ ಉರಿಯ ವಿಷ ರಕ್ತಕ್ಕೆ ಸೇರಿ." ಗಾಳಿ ಒಂದು ಕ್ಷಣ ನಿಂತಿತ್ತು.

"ಎಲ್ಲಾ ಗೊತ್ತಲ್ಲ ನಿಂಗೆ," ಅಂದಳು ಮುದುಕಿ. "ಬಾಯಿಪಾಠ. ಸರಿ... ರಾತ್ರಿ ಆ ಕಂಡಿಗೆ ಏನಾದರೂ ತುರುಕಿದರೆ ಆಗುತ್ತಾ?"

ಆ ಪ್ರಶ್ನೆ, ಅದೇ ಮಾತುಗಳಲ್ಲಿ, ಅದೇ ದನಿಯಲ್ಲಿ ಓಫೆಲಿಯಾಳ ಕಿವಿಗೆ ಮೊದಲೂ ಬಿದ್ದಿತ್ತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಾಲ್ಕು ಚಳಿಗಾಲದ ಹಿಂದೆ, ಇದೇ ಗುಡ್ಡದ ಕೊನೆಯ ಮನೆಯಲ್ಲಿ ಎರ್ಸಿಲಿಯಾ ಪೈಲ್ಯಾನ್ ಎಂಬ ಒಂಟಿ ವಿಧವೆ ಇದ್ದಳು. ಹೀಟರ್ ಕೂರಿಸಿದ್ದು ಓಫೆಲಿಯಾ. ಮುದುಕಿ ಆ ಪ್ರಶ್ನೆ ಕೇಳಿದಳು. ಓಫೆಲಿಯಾ ಎಲ್ಲ ಮೇಸ್ತ್ರಿಗಳೂ ಹೇಳುವುದನ್ನೇ ಹೇಳಿದಳು, ಕಣ್ಣು ಮಿಟುಕಿಸಿ. "ಪರೀಕ್ಷೆ ದಿನ ತೆರೆದಿರಲಿ ಅಮ್ಮಾ. ಆಮೇಲೆ ನಾನೇನು ನೋಡೋಕೆ ಬರಲ್ಲ." ಒಂಬತ್ತನೆಯ ದಿನ ಮುದುಕಿ ಕುರ್ಚಿಯಲ್ಲಿ ಕೂತ ಹಾಗೇ ಸಿಕ್ಕಳು, ಮಾಟೆ ಎಂಬ ಎಲೆಯ ಕಷಾಯ ಕುಡಿಯುವ ಸೋರೆಬುರುಡೆ ಕೈಯಲ್ಲಿ. ವಾಸನೆಯಿಲ್ಲದ ವಿಷ, ತೂಕಡಿಕೆಯ ಹಾಗೆ ಬರುತ್ತದೆ. ಕಂಡಿಯಲ್ಲಿ ಅವಳದೇ ಸ್ವೆಟರಿನ ತೋಳು, ಕತ್ತರಿಸಿ ತುರುಕಿದ್ದು. ತನಿಖೆಯವರು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಹರು ಮಾಡಿದರು. ಓಫೆಲಿಯಾ ಹೇಳಿಕೆ ಬರೆದುಕೊಟ್ಟಳು. *ಮುಚ್ಚಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದೆ. ಮುದುಕಿ ಮಾತು ಕೇಳಲಿಲ್ಲ.* ಲೈಸೆನ್ಸ್ ಉಳಿಯಿತು. ಎರ್ಸಿಲಿಯಾ ಊರ ಬಾಯಲ್ಲಿ ಹಟಮಾರಿ ಮುದುಕಿಯಾದಳು. ಸತ್ತವಳನ್ನು ಮಕ್ಕಳಿಗೆ ಬುದ್ಧಿ ಹೇಳಲು ಬಳಸಿದರು.

ಓಫೆಲಿಯಾ ನಿಂತಳು. ತಿರುಗಿ ಓಡಬಹುದಿತ್ತು. ಆದರೆ ಎದುರಿಗೆ ಮನೆ. ನೀಲಿ ಬಣ್ಣದ ಬಾಗಿಲು. ಬಣ್ಣ ಕಿತ್ತ ಕಡೆ ಅಡಿಯಲ್ಲಿ ಹಳೆಯ ಹಸಿರು. ಅದೇ ಮನೆ, ನಂಬರು ಮಾತ್ರ ಹೊಸದು. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಆ ನೀರಿನ ಹಿಂದೆ ಮಂಚ, ಮಂಚದ ಮೇಲೆ ಮೂರು ತಲೆ. ಒಂದು ದೊಡ್ಡದು, ಎರಡು ಸಣ್ಣವು.

ಅವಳು ಬಾಗಿಲು ನೂಕಿ ಒಳಗೆ ಹೋದಳು. ಬಾಗಿಲು ಹಿಂದೆ ತಾನೇ ಮುಚ್ಚಿಕೊಂಡಿತು. ಠಕ್. ಹಿಡಿ ತಿರುಗಿಸಿದಳು, ಅಲುಗಲಿಲ್ಲ.

"ಯಾನಿನಾ. ಯಾನಿನಾ, ಏಳು."

ಹೆಂಗಸು ಗೊರಕೆಯಂಥದೊಂದು ಸದ್ದು ಮಾಡಿದಳು, ಕಣ್ಣು ಬಿಡಲಿಲ್ಲ. ಹೀಟರಿನ ಉರಿ ಹಳದಿಯಾಗಿ ಲಬಲಬ ಅನ್ನುತ್ತಿತ್ತು. ಓಫೆಲಿಯಾ ತಿರುಪು ತಿರುಗಿಸಿದಳು. ಪುಪ್. ಆರಿತು.

ಟಿಕ್... ಟಿಕ್... ಫುಫ್. ಮತ್ತೆ ಹೊತ್ತಿತು.

ಮತ್ತೆ ಆರಿಸಿದಳು. ಟಿಕ್... ಟಿಕ್... ಫುಫ್.

ಕಿಟಕಿಗೆ ಸ್ಪ್ಯಾನರ್ ಬೀಸಿದಳು. ಗಾಜು ಬಿರಿಯಲಿಲ್ಲ, ಟಣ್ ಅಂದಿತು, ಗಂಟೆಯ ಹಾಗೆ. ಆಗಲೇ ಅವಳ ಹಣೆಯ ಎರಡೂ ಬದಿ ಯಾರೋ ಒತ್ತಿ ಹಿಡಿದ ಹಾಗೆ. ಗೋಡೆ ಹಿಡಿದು ನೆಲದ ಮೇಲೆ ಕೂತಳು.

ಎದುರಿಗೆ ಮುದುಕಿ. ನೆಲದ ಮೇಲೆ, ಕಂಡಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಮುಖ ಕೆಂಪು. ಆ ವಿಷಕ್ಕೆ ಸತ್ತವರ ಮುಖ ಹಾಗೇ ಇರುತ್ತದೆ, ಈಗ ತಾನೆ ಜಾತ್ರೆ ಸುತ್ತಿ ಬಂದವರ ಹಾಗೆ.

"ಆರಾಮಾಗಿ ಕೂತ್ಕೋ. ಬೆಚ್ಚಗಿದೆ ಅಲ್ವಾ?"

"ಅಮ್ಮಾ, ಜರುಗಿ. ಮಕ್ಕಳಿದ್ದಾರೆ."

"ನೋಡಿದ್ದೀನಿ. ನನಗೂ ನೀನು ಮಗಳ ವಯಸ್ಸಿನವಳೇ. ಮಾಟೆ ಕೊಟ್ಟಿದ್ದೆ ನಿಂಗೆ, ಸಕ್ಕರೆ ಹಾಕಿ. ನೆನಪಿದೆಯಾ?"

"ಇದೆ."

"ಹಂಗಾದ್ರೆ ಹೇಳು. ಕಂಡಿ ಮುಚ್ಚಬಹುದಾ?"

"ಮುಚ್ಚಬಾರದು."

"ಅವತ್ತು ಏನಂದೆ?"

ಓಫೆಲಿಯಾಳ ನಾಲಿಗೆ ದಪ್ಪವಾಗಿತ್ತು. "ನೋಡೋಕೆ ಬರಲ್ಲ ಅಂದೆ."

"ಕಾಗದದಲ್ಲಿ?"

"ಬೇಡ ಅಂದಿದ್ದೆ ಅಂತ ಬರೆದೆ."

"ಯಾರು ಮಾತು ಕೇಳದವಳು?"

"...ನೀವು. ಅಂತ ಬರೆದೆ."

"ನಲವತ್ತು ವರ್ಷ ಈ ಗುಡ್ಡದಲ್ಲಿ ಯಾರ ಬಾಯಿಗೂ ಬೀಳದೆ ಬದುಕಿದ್ದೆ ಕಣೇ. ಕೇಳಿಯೇ ಮಾಡಿದ್ದೆ ನಾನು. ಕೇಳದೆ ಏನೂ ಮಾಡಿದವಳಲ್ಲ. ನನ್ನ ಹೆಸರು ನಿನ್ನ ಹತ್ತಿರ ಬಾಕಿ ಇದೆ."

"ತೀರಿಸ್ತೀನಿ."

"ಯಾವಾಗ? ನೀವು ಮೇಸ್ತ್ರಿಗಳು ಸೋಮವಾರ, ಮಂಗಳವಾರ ಅಂತ ಮುಂದೂಡೋದೆಲ್ಲಾ ನನಗೆ ಗೊತ್ತು."

ಮಂಚದ ಮೇಲೆ ಸಣ್ಣ ಹುಡುಗಿ ಒಮ್ಮೆ ಉಸಿರೆಳೆದಳು. ಹಸ್ಸ್... ಆಮೇಲೆ ತುಂಬ ಹೊತ್ತು ಏನೂ ಇಲ್ಲ.

"ನಾಳೆ ಬೆಳಿಗ್ಗೆ," ಅಂದಳು ಓಫೆಲಿಯಾ. "ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ. ಲೈಸೆನ್ಸ್ ಹೋಗಲಿ."

ಮುದುಕಿ ಅವಳನ್ನೇ ನೋಡಿದಳು. ನಂಬಿದ ನೋಟವಲ್ಲ, ಸಾಲ ಕೊಡುವವರ ನೋಟ. ಆಮೇಲೆ ಸ್ವಲ್ಪ ಜರುಗಿದಳು. ಅಷ್ಟೇ, ಒಂದು ಗೇಣು.

ಓಫೆಲಿಯಾ ತೆವಳಿಕೊಂಡು ಹೋಗಿ ಕಂಡಿಗೆ ಕೈ ಹಾಕಿದಳು. ಮೆತ್ತಗೆ ಸಿಕ್ಕಿತು. ಎಳೆದಳು. ಸೊರ್ರ್... ಎಂದು ಹೊರಗೆ ಬಂತು. ಅದರ ಹಿಂದೆಯೇ ಗಾಳಿ, ಸುಂಯ್ಯ್ ಎಂದು ನುಗ್ಗಿತು. ಉರಿ ಒಮ್ಮೆ ಬಾಗಿ, ನೀಲಿಯಾಗಿ, ಆರಿತು. ಮತ್ತೆ ಹೊತ್ತಲಿಲ್ಲ. ಎಳೆದದ್ದನ್ನು ಅವಳು ಹಾಗೇ ಚೀಲಕ್ಕೆ ತುರುಕಿದಳು. ಬಾಗಿಲು ತಾನೇ ತೆರೆದು ಗೋಡೆಗೆ ಬಡಿಯಿತು. ಓಫೆಲಿಯಾ ಒಬ್ಬೊಬ್ಬರನ್ನೇ ಹೊದಿಕೆ ಸಮೇತ ಜಲ್ಲಿಯ ಮೇಲೆ ಎಳೆದು ಹಾಕಿದಳು. ಆಂಬುಲೆನ್ಸಿಗೆ ಫೋನ್ ಮಾಡಿ, ಅಲ್ಲೇ ವಾಂತಿ ಮಾಡಿಕೊಂಡಳು.

ಮೂವರೂ ಬದುಕಿದರು. ಬೆಳಗಿನ ಜಾವ ಆಸ್ಪತ್ರೆಗೆ ನಾನೇ ಹೋಗಿ ಓಫೆಲಿಯಾಳನ್ನು ಕರೆದುಕೊಂಡು ಬಂದದ್ದು. ಯಾನಿನಾ ಆಮ್ಲಜನಕದ ಮುಖವಾಡ ಸರಿಸಿ ಆಡಿದ ಮೊದಲ ಮಾತು ಥ್ಯಾಂಕ್ಸ್ ಅಲ್ಲ.

"ಕಂಡಿ ಮುಚ್ಚಿದ್ದಕ್ಕೆ ಈಗ ನನ್ನನ್ನೇ ಬೈತೀರಿ. ಮಾಲೀಕನೇ ಹೇಳಿದ್ದು, ಎಲ್ಲರೂ ಮುಚ್ತಾರೆ ಅಂತ. ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿದ್ದೆ, ಅಷ್ಟೇ."

"ನ್ಯೂಸ್‌ಪೇಪರಾ?" ಅಂದಳು ಓಫೆಲಿಯಾ.

"ಇನ್ನೇನು, ರೇಷ್ಮೆನಾ?"

ಓಫೆಲಿಯಾ ತನ್ನ ಚೀಲ ಮುಟ್ಟಿ ನೋಡಿಕೊಂಡಳು. ದಾರಿಯಲ್ಲಿ, ಕಾರಿನಲ್ಲಿ, ಇದಿಷ್ಟನ್ನೂ ನನಗೆ ಹೇಳಿದಳು. ವಿಷದ ಗಾಳಿ ಕುಡಿದ ತಲೆಗೆ ಏನೇನೋ ಕಾಣುತ್ತದೆ ಎಂದೆ ನಾನು. ನನಗೆ ಆಗ ಹಾಗೇ ಅನಿಸಿತ್ತು.

ಎಂಟಕ್ಕೆ ತನಿಖೆಯ ಕಚೇರಿ ತೆಗೆಯಿತು. ಕೌಂಟರಿನಲ್ಲಿ ನಿದ್ದೆಗಣ್ಣಿನ ಗುಮಾಸ್ತ, ಎದುರಿಗೆ ಅರ್ಧ ತಿಂದ ಬನ್ನು.

"ಹಳೇ ಕೇಸು. ಮುಗಿದುಹೋಗಿದೆ. ಈಗ ಯಾಕೆ ಕೆದಕ್ತೀರಿ?"

"ಹೇಳಿಕೆ ತಿದ್ದಬೇಕು."

"ತಿದ್ದಿದ್ರೆ ನಿಮಗೇ ತೊಂದರೆ ಮೇಡಂ."

"ಕಾಗದ ಕೊಡಿ."

ನಿಂತೇ ಬರೆದಳು. *ಎರ್ಸಿಲಿಯಾ ಪೈಲ್ಯಾನ್ ನನ್ನನ್ನು ಕೇಳಿದ್ದರು. ನಾನು ಬೇಡ ಎನ್ನಲಿಲ್ಲ. ತಪ್ಪು ನನ್ನದು.* ಲೈಸೆನ್ಸ್ ಕಾರ್ಡನ್ನು ಅದರ ಮೇಲಿಟ್ಟಳು.

ಗುಮಾಸ್ತ ಗೊಣಗುತ್ತ ಒಳಗೆ ಹೋಗಿ ಹಳೆಯ ರಟ್ಟಿನ ಪೆಟ್ಟಿಗೆ ತಂದ. ಕಾಗದ ಸೇರಿಸಲು ಮುಚ್ಚಳ ತೆಗೆದ. ಮೇಲೆಯೇ ಪ್ಲಾಸ್ಟಿಕ್ ಚೀಲ. ಅದಕ್ಕಂಟಿಸಿದ ಚೀಟಿ: ಉಣ್ಣೆಯ ತೋಳು, ಬೂದು, ಮೊಣಕೈಗೆ ನೀಲಿ ರಫೂ, ಒಂದು. ಆತ ಅದನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ಹಿಡಿದ.

ಓಫೆಲಿಯಾ ಚೀಲಕ್ಕೆ ಕೈ ಹಾಕಿ, ರಾತ್ರಿ ಕಂಡಿಯಿಂದ ಎಳೆದದ್ದನ್ನು ಕೌಂಟರಿನ ಮೇಲೆ ಹರಡಿದಳು. ಬೂದು ಬಣ್ಣದ ತೋಳು. ಮೊಣಕೈ ಹತ್ತಿರ ನೀಲಿ ನೂಲಿನ ರಫೂ.

"ಇದು ನಿಮ್ಮದು. ಸೇರಿಸ್ಕೊಳ್ಳಿ," ಅಂದಳು.

ನಾನು ಅಲ್ಲೇ, ಅವಳ ಎಡಕ್ಕೆ ನಿಂತಿದ್ದೆ. ಯಾರು ಏನೇ ಅನ್ನಲಿ, ಕಣ್ಣಾರೆ ಕಂಡದ್ದು. ಗುಮಾಸ್ತನ ಕೈಯಲ್ಲಿದ್ದ ಚೀಲ ಖಾಲಿ. ಅದರ ಕೆಂಪು ಮೊಹರು ಒಡೆದಿರಲಿಲ್ಲ.