ಒಂಬತ್ತನೇ ಪ್ರಶ್ನೆಗೆ ನಾನು ಹಾಕಿದ ಸೊನ್ನೆ

ಹೆಸರನ್ನು ಮೊದಲ ಪುಟದಲ್ಲಿ ಬರೆಸಿದ್ದೇನೆ. ಹೋದ ಮನೆಗಳಲ್ಲೆಲ್ಲ ಕರೆಯುವುದು ಡಬ್ಬಿಯಕ್ಕ ಎಂದು. ವಯಸ್ಸು 46. ಓದು ಆರನೇ ತರಗತಿ. ಅಲ್ಲಿಗೆ ಬಿಟ್ಟು, ಎರಡು ವರ್ಷದ ಮೇಲೆ ಏಳಕ್ಕೆ ಸೇರಿ, ಅರ್ಧಕ್ಕೆ ಮತ್ತೆ ಬಿಟ್ಟೆ. ಕೆಲಸ, ಆಹಾರ ಸಂಶೋಧನಾ ಕೇಂದ್ರಕ್ಕೆ ಸ್ಯಾಂಪಲ್ ತಂದುಕೊಡುವುದು. ವಾಸ, ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಮನೆ ನಂಬರ್ 14. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ನಮ್ಮ ಡಾಕ್ಟರಮ್ಮ ಮದ್ದು ಕೊಡುವ ಡಾಕ್ಟರಲ್ಲ, ಓದಿ ಡಾಕ್ಟರಾದವರು. ಪಿಎಚ್‌ಡಿ ಮುಗಿಸಿ ಅದರ ಮುಂದಿನ ಸಂಶೋಧನೆ ಮಾಡುತ್ತಿದ್ದಾರೆ. ನಾರಿನ ಪುಡಿಯನ್ನು ದಿನಕ್ಕೊಂದು ಪೊಟ್ಟಣ ತಿಂದರೆ ಕರುಳು ಸರಿಹೋಗಿ, ಅದರಿಂದ ಮನಸ್ಸಿನ ಬೇಸರವೂ ಇಳಿಯುತ್ತದೆಯೇ ಎಂದು ನೋಡುವುದು ಅವರ ಕೆಲಸ. ನಲವತ್ತು ಜನ, ಹನ್ನೆರಡು ವಾರ. ನಾನು ವಾರಕ್ಕೊಮ್ಮೆ ಅವರವರ ಮನೆಗೆ ಹೋಗಿ ಏಳು ಪೊಟ್ಟಣ ಕೊಟ್ಟು, ಮಲದ ಸ್ಯಾಂಪಲ್ಲಿನ ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ತರಬೇಕು. ಮನಸ್ಸಿನ ಬಗ್ಗೆ ಒಂಬತ್ತು ಪ್ರಶ್ನೆ ಓದಿ, ಸೊನ್ನೆಯಿಂದ ಮೂರರೊಳಗೆ ಅವರು ಹೇಳಿದ ಅಂಕಿ ಬರೆದುಕೊಳ್ಳಬೇಕು. ಒಂಬತ್ತನೆಯದು, ಸಾಯುವ ಯೋಚನೆ ಬರುತ್ತದೆಯೇ ಎಂಬುದು. ಅದಕ್ಕೆ ಸೊನ್ನೆ ಬಿಟ್ಟು ಏನು ಹೇಳಿದರೂ ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಬೇಕು. ಅಂಥವರನ್ನು ಆಸ್ಪತ್ರೆಗೆ ಕಳಿಸಿ, ಸಂಶೋಧನೆಯಿಂದ ಬಿಡಿಸುತ್ತಾರೆ. ಇದನ್ನು ನನಗೆ ಮೂರು ಸಲ ಹೇಳಿಕೊಟ್ಟಿದ್ದರು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ಕಾಣೆಯಾಗಿರುವ ಟೈಲರಮ್ಮ ನಮ್ಮಲ್ಲಿ ಹದಿನೇಳನೇ ನಂಬರ್. ವಯಸ್ಸು 52. ಬ್ಯಾಗ್ ರಿಪೇರಿ ಅಂಗಡಿಯ ಮೇಲೆ ಎರಡನೇ ಮಹಡಿ, 38 ಮೆಟ್ಟಿಲು. ಒಬ್ಬರೇ ಇರುತ್ತಾರೆ. ಮಂಗಳವಾರ ಬೆಳಿಗ್ಗೆ 9.20ಕ್ಕೆ ನಾನು ಹೋಗುವಷ್ಟರಲ್ಲಿ ಬಾಗಿಲು ತೆಗೆದು, ಕುರ್ಚಿಯ ಮೇಲಿನ ಬಟ್ಟೆ ಎತ್ತಿಟ್ಟಿರುತ್ತಿದ್ದರು. "ಬಾರೇ ಡಬ್ಬಿ. ವಾರಕ್ಕೊಂದ್ಸಲ ನನ್ನ ಹುಡುಕ್ಕೊಂಡು ಬರೋಳು ನೀನೊಬ್ಳೇ. ಅದೂ ಯಾವುದಕ್ಕೆ ಬರ್ತೀಯ ನೋಡು!" ಎಂದು ನಗುತ್ತಿದ್ದರು.

ಒಂಬತ್ತನೇ ಪ್ರಶ್ನೆಗೆ ಆರು ವಾರ ಸೊನ್ನೆ ಎಂದಿದ್ದವರು ಏಳನೇ ವಾರ, 9.35ಕ್ಕೆ, "ಎರಡು" ಎಂದರು. ಹೊಲಿಯುತ್ತಲೇ ಹೇಳಿದರು. ಮಿಷನ್ ನಿಲ್ಲಲಿಲ್ಲ, ನನ್ನ ಪೆನ್ನು ನಿಂತಿತು. "ಬರೀಬೇಡ ಕಣೇ. ಬರೆದ್ರೆ ನನ್ನ ಬಿಡಿಸ್ತಾರೆ, ನೀನೂ ಬರೋದು ನಿಲ್ಲುತ್ತೆ. ಆಮೇಲೆ ಮೂರು ಅಂತ ಯಾರಿಗೆ ಹೇಳ್ಲಿ?" ಎಂದರು. "ಅಕ್ಕಾ, ಬಿಡ್ತು ಅನ್ನಿ" ಎಂದೆ. "ಬಿಡ್ತು" ಎಂದರು. ನಾನು ಸೊನ್ನೆ ಹಾಕಿದೆ. ಮೆಟ್ಟಿಲು ಇಳಿಯುವಾಗ ಎರಡು ಸಲ ನಿಂತೆ. ಹಿಂದಕ್ಕೆ ಹತ್ತಲಿಲ್ಲ, ಫೋನನ್ನೂ ಮಾಡಲಿಲ್ಲ.

ಎಂಟು, ಒಂಬತ್ತು, ಹತ್ತನೇ ವಾರಗಳಲ್ಲಿ ನಾನು ಒಂಬತ್ತನೆಯದನ್ನು ಓದಿ ಮುಗಿಸುವ ಮೊದಲೇ "ಸೊನ್ನೆ, ಮುಂದಕ್ಕೆ ಹೋಗು" ಎಂದುಬಿಟ್ಟರು. ಮುಂದೆ ಪ್ರಶ್ನೆಯೇ ಇರಲಿಲ್ಲ. ಮಿಕ್ಕ ಎಂಟಕ್ಕೂ ವಾರವಾರಕ್ಕೆ ಅಂಕಿ ಇಳಿಸುತ್ತ ಬಂದರು. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಇಳಿಯುವ ಗೆರೆ ತೋರಿಸಿ, "ನೋಡಿ ಅಕ್ಕ, ಹದಿನೇಳು ಎಷ್ಟು ಚೇತರಿಸ್ಕೊಂಡಿದ್ದಾರೆ. ನಮ್ಮ ಪುಡಿಗೆ ಇವರೇ ಸಾಕ್ಷಿ" ಎಂದರು.

ಹನ್ನೊಂದನೇ ವಾರ, ಅಂದರೆ ಮೊನ್ನೆ ಮಂಗಳವಾರ, 9.20ಕ್ಕೆ ಹೋದಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಹಿಂದಿನ ವಾರ ನಾನು ಬಿಟ್ಟುಹೋಗಿದ್ದ ಥರ್ಮಾಕೋಲ್ ಪೆಟ್ಟಿಗೆ ಹೊಸ್ತಿಲ ಮುಂದಿತ್ತು. ಅದರ ಮೇಲಿನ ಚೀಟಿಯಲ್ಲಿ ಅವರದೇ ಅಕ್ಷರ: 17, ಅಂದಿನ ತಾರೀಖು, ಬೆಳಿಗ್ಗೆ 6.15. ಫೋನ್ ಮಾಡಿದೆ. ಒಳಗೇ ರಿಂಗ್ ಆಯಿತು.

10.05ಕ್ಕೆ ಕೇಂದ್ರದಲ್ಲಿ ಡಾಕ್ಟರಮ್ಮ ಪೆಟ್ಟಿಗೆ ತೆರೆದರು. ಡಬ್ಬಿ ಇರಲಿಲ್ಲ. ಹತ್ತು ವಾರ ನಾನು ಕೊಟ್ಟಿದ್ದ ಪುಡಿಯ ಪೊಟ್ಟಣಗಳಿದ್ದವು, ಏಳೇಳನ್ನು ಸೇರಿಸಿ ಹೊಲಿಗೆ ದಾರದಲ್ಲಿ ಕಟ್ಟಿದ್ದು. ಎಪ್ಪತ್ತು. ಒಂದನ್ನೂ ಹರಿದಿರಲಿಲ್ಲ. ಡಾಕ್ಟರಮ್ಮ ಕಟ್ಟುಗಳನ್ನು ಇನ್ನೊಮ್ಮೆ ಎಣಿಸಿ, "ಹಾಗಾದ್ರೆ ಇವರ ಬೇಸರ ಯಾವುದರಿಂದ ಇಳೀತು?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪೆನ್ನಿನ ಜೇಬು ಮುಟ್ಟಿಕೊಂಡೆ. ಬಾಯಿ ಬಿಡಲಿಲ್ಲ.

ಅದೇ ದಿನ ಸಂಜೆ 4ಕ್ಕೆ ನಾವಿಬ್ಬರೂ ಇಲ್ಲಿಗೆ ಬಂದೆವು. ಬೀಗ ಒಡೆಸಿ ನೋಡಿದಾಗ ಮನೆ ಗುಡಿಸಿ ಅಚ್ಚುಕಟ್ಟಾಗಿತ್ತು. ದಫೇದಾರರು ನಮ್ಮ ಫಾರಂ ನೋಡಿ, "ಹತ್ತು ವಾರವೂ ಸೊನ್ನೆ ಇದೆಯಲ್ಲಮ್ಮ, ಇಷ್ಟು ನೆಮ್ಮದಿಯಾಗಿರೋರು ನೆಂಟರ ಮನೆಗೆ ಹೋಗಿರ್ತಾರೆ, ಎರಡು ದಿನ ನೋಡೋಣ" ಎಂದರು. ಆಗಲೂ ನಾನು ಹೇಳಲಿಲ್ಲ. ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು.

ನಿನ್ನೆ ಬುಧವಾರ ಬೆಳಿಗ್ಗೆ 9.20ಕ್ಕೆ, ಕೆಲಸವಿಲ್ಲದಿದ್ದರೂ, ಆ ಬಾಗಿಲ ಮುಂದೆ ಹೋಗಿ ನಿಂತೆ. ಒಳಗೆ ಮಿಷನ್ ತುಳಿದ ಸದ್ದು ಕೇಳಿದಂತಾಯಿತು. ನಿಮ್ಮವರು ಹಾಕಿದ ಹೊಸ ಬೀಗ ಹಾಗೇ ಇತ್ತು. ನನ್ನ ಎದೆಯ ಸದ್ದೇ ಇರಬಹುದು. 11ಕ್ಕೆ ಕೇಂದ್ರದ ಫ್ರೀಜರ್ ತೆಗೆದರೆ ಹದಿನೇಳು ಎಂದು ಬರೆದ ಹತ್ತು ಡಬ್ಬಿ ಸಾಲಾಗಿ ಇದ್ದವು. ಮನುಷ್ಯರು ಇಲ್ಲ, ಅವರ ಹೊಟ್ಟೆಯದು ಇದೆ. ಬಾಗಿಲು ಮುಚ್ಚಲು ಕೈ ಬರಲಿಲ್ಲ. ಮನೆಯಲ್ಲಿ ಯಜಮಾನರಿಗೆ ಹೇಳಿದೆ. "ಬೀದೀಲಿ ಹೋಗೋ ಮಾರಿನ ಮನೆಗೆ ಕರೀಬೇಡ, ಸುಮ್ನಿರು" ಎಂದರು. ಇವತ್ತು ಮಧ್ಯಾಹ್ನದವರೆಗೆ ಸುಮ್ಮನಿದ್ದೆ.

ಫಾರಂನಲ್ಲಿರುವ ಏಳನೇ ವಾರದ ಸೊನ್ನೆ ನನ್ನದು, ಟೈಲರಮ್ಮನದಲ್ಲ. ದಯವಿಟ್ಟು ಅದನ್ನು ನಂಬಿ ಕೂರಬೇಡಿ. ನನ್ನ ಮೇಲೆ ಏನು ಬರೆಯಬೇಕೋ ಆಮೇಲೆ ಬರೆಯಿರಿ.

ಇಷ್ಟನ್ನು ಓದಿ ಹೇಳಿದ ಮೇಲೆ, ಸಹಿಗೆ ಮುಂಚೆ, ಇನ್ನೊಂದು ಸೇರಿಸಲು ಕೇಳಿಕೊಂಡಿದ್ದೇನೆ. ಇದನ್ನು ಯಜಮಾನರಿಗೂ ಹೇಳಿಲ್ಲ. ಹತ್ತನೇ ವಾರ ನಾನು ಹೊರಡುವಾಗ ಟೈಲರಮ್ಮ, ಹಳೇ ಕಲ್ಲು ಕ್ವಾರಿಗೆ ಯಾವ ಬಸ್ ಎಂದು ಕೇಳಿದರು. ಯಾಕಕ್ಕ ಎಂದೆ. "ಅಲ್ಲಿ ನೀರು ಹಸಿರಾಗಿರುತ್ತಂತೆ, ನೋಡ್ಬೇಕು" ಎಂದರು. "ನೀರು ನೋಡೋಕೆ ಅಷ್ಟು ದೂರಾನಾ, ನಲ್ಲಿ ತಿರುಗಿಸಿದ್ರೆ ಬರಲ್ವಾ?" ಎಂದು ನಗೆಯಾಡಿದೆ. ಆಮೇಲೆ ಬಸ್ಸಿನ ನಂಬರ್ ಹೇಳಿದೆ. ಇಳಿಯುವ ಸ್ಟಾಪನ್ನೂ, ಅಲ್ಲಿಂದ ಎಡಕ್ಕೆ ಎಂದೂ ನಾನೇ ಹೇಳಿಕೊಟ್ಟೆ. ಇಲ್ಲಿಂದ ಜೀಪಿನಲ್ಲಿ ಇಪ್ಪತ್ತು ನಿಮಿಷ. ಈಗ 3.40. ಆರರವರೆಗೆ ಬೆಳಕಿರುತ್ತದೆ. ನಾನೂ ಬರುತ್ತೇನೆ.

ನಾನು ಹೇಳಿದಂತೆಯೇ ಬರೆದಿದ್ದಾರೆ. ಇದರಲ್ಲಿ ಸುಳ್ಳಿಲ್ಲ, ಮುಚ್ಚಿಟ್ಟಿದ್ದೂ ಇನ್ನಿಲ್ಲ.

ಸ್ಥಳ: ಠಾಣೆ
ದಿನ: ಗುರುವಾರ, ಮಧ್ಯಾಹ್ನ 3.40
ಹೇಳಿಕೆ ಕೊಟ್ಟವರ ಸಹಿ: (ಸಹಿ ಇದೆ)