ಮುಂದಿನ ಸೀಟು ಇನ್ನೂ ಹಸಿ

ಇದು ಸೂಜಿಗೆ ಆದದ್ದು. ಮೊದಲು ಅವನಿಗೆ, ಆಮೇಲೆ ನನಗೆ. ಅವನು ಸಿಕ್ಕವರಿಗೆಲ್ಲ ಬಾಯಲ್ಲಿ ಹೇಳುತ್ತಾನೆ. ನಾನು ಬರೆದಿಡುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆಯೋದು ನಿಧಾನ.

ಸೂಜಿ ನನ್ನ ಚಿಕ್ಕಪ್ಪನ ಮಗ. ಕಾರಿನ ಸೀಟು ಹೊಲಿಯುತ್ತಾನೆ. ಆಳೂ ಸೂಜಿಯ ಹಾಗೇ ಇದ್ದಾನೆ, ಅದಕ್ಕೆ ಆ ಹೆಸರು. ಅದೇ ಶೆಡ್ಡಿನಲ್ಲಿ ಲೆದರ್ ಸೀಟು ತೊಳೆದು ಕ್ರೀಮು ಹಚ್ಚುವವನು ನಾನು.

ಆ ರಾತ್ರಿ ಹನ್ನೊಂದು ದಾಟಿತ್ತು. ಸೂಜಿ ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೊರಟಿದ್ದ. ದಾರಿಯಲ್ಲಿ ಒಂದು ಬಾವಿ. ನೀರು ಸೇದೋರು ಈಗ ಯಾರೂ ಇಲ್ಲ, ಮೇಲೆ ತಗಡು ಮುಚ್ಚಿದ್ದಾರೆ. ಗಾಳಿ ಬಂದರೆ ತಗಡು ಟಣ್... ಟಣ್... ಅನ್ನುತ್ತೆ. ಅಲ್ಲಿಗೆ ಬಂದಾಗ ಅವನಿಗೆ ನೆನಪಾಯಿತು, ಕ್ರೀಮಿನ ಡಬ್ಬಿಗೆ ಮುಚ್ಚಳ ಹಾಕಿಲ್ಲ. ಬೆಳಗಾಗೋದರಲ್ಲಿ ಕ್ರೀಮು ಕೆನೆಗಟ್ಟಿ ಒಣಗಿಹೋಗುತ್ತೆ. ಡಬ್ಬಿ ನನ್ನದು. ಬೈಸಿಕೊಳ್ಳೋದು ಯಾಕೆ ಅಂತ ವಾಪಸ್ ಹೋದ.

ಶೆಡ್ಡಿನಲ್ಲಿ ಒಂದೇ ಕಾರು ಇತ್ತು. ಅದೂ ನನ್ನದೇ. ಹಳೇದು ಕೊಂಡು, ಸೀಟು ಬಿಚ್ಚಿ, ಅವನು ಹೊಲಿದು ನಾನು ಬಣ್ಣ ಹಾಕಿ, ಮನುಷ್ಯರು ಕೂರೋ ಹಾಗೆ ಮಾಡಿದ್ದೆವು. ನನ್ನ ಹೆಂಡತಿ ತೀರಿಕೊಂಡು ಆಗ ಆರು ತಿಂಗಳು. ಆ ಆರು ತಿಂಗಳೂ ನಾನು ಅದರ ಬಾಗಿಲು ತೆಗೆದಿರಲಿಲ್ಲ. ಒಬ್ಬರು ಮೇಷ್ಟ್ರಿಗೆ ಮಾರಿಬಿಟ್ಟೆ. ಬೆಳಗ್ಗೆ ಎಂಟಕ್ಕೆ ಬಂದು ತಗೊಂಡು ಹೋಗೋರಿದ್ದರು. ಕೊಡೋ ಮೊದಲು ಸೀಟು ತೊಳೆದು ಕ್ರೀಮು ಹಚ್ಚೋದು ನಾನೇ ಮಾಡಬೇಕಿತ್ತು. ಕೈ ಏಳಲಿಲ್ಲ. ಸೂಜಿಗೆ ಹೇಳಿದೆ. ಯಾಕೆ ಅಂತ ಅವನು ಕೇಳಲಿಲ್ಲ.

ಕೆಲಸ ದೊಡ್ಡದಲ್ಲ. ಮೊದಲು ಧೂಳು ತೆಗೆಯಬೇಕು. ಹೊಲಿಗೆಯ ಸಂದಿಗೆ ಮೆತ್ತನೆ ಬ್ರಶ್ಶು. ನೊರೆ ಹಚ್ಚಿ ಉಜ್ಜಿ, ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ಆರಿದ ಮೇಲೆ ಸ್ಪಂಜಿನಲ್ಲಿ ಕ್ರೀಮು, ತೆಳ್ಳಗೆ. ಆಮೇಲೆ ಬಿಟ್ಟುಬಿಡಬೇಕು. ಲೆದರು ನಿಧಾನಕ್ಕೆ ಕುಡಿಯುತ್ತೆ. ಆರೇಳು ಗಂಟೆ ಬೇಕು. ಅಷ್ಟರಲ್ಲಿ ಯಾರಾದರೂ ಕೂತರೆ ಅವರ ಬಟ್ಟೆಯ ನೇಯ್ಗೆ ಕ್ರೀಮಿನ ಮೇಲೆ ಅಚ್ಚು ಒತ್ತಿದ ಹಾಗೆ ಮೂಡುತ್ತೆ. ಅದಕ್ಕೆ ನಮ್ಮ ಶೆಡ್ಡಿನಲ್ಲಿ ಒಂದೇ ಕಟ್ಟಳೆ. ಹಸಿ ಸೀಟಿನ ಮೇಲೆ ದೇವರೇ ಬಂದರೂ ಕೂರಿಸೋ ಹಾಗಿಲ್ಲ. ಆಗ್ಗೆ ಇಪ್ಪತ್ತೆರಡು ವರ್ಷದಿಂದ ನಾನು ಹೇಳಿಕೊಂಡು ಬಂದಿದ್ದು ಅದೊಂದೇ ಮಾತು.

ಸೂಜಿ ಆವತ್ತು ಮುಂದಿನ ಎರಡು ಸೀಟಿಗೆ ಕ್ರೀಮು ಹಚ್ಚಿದ್ದ. ಹೊತ್ತಾಯಿತು ಅಂತ ಹಿಂದಿನದನ್ನು ಒರೆಸಿ ಅಷ್ಟಕ್ಕೇ ಬಿಟ್ಟಿದ್ದ.

ಬೀಗ ತೆಗೆದ. ದೀಪ ಹಾಕಲಿಲ್ಲ, ಡಬ್ಬಿ ಎಲ್ಲಿದೆ ಅಂತ ಗೊತ್ತಿತ್ತು. ಮುಚ್ಚಳ ತಿರುಗಿಸಿದ.

ಕಿರ್ರ್...

ಲೆದರಿನ ಮೇಲೆ ಕೂತವರು ಸ್ವಲ್ಪ ಸರಿದು ಕೂತರೆ ಬರುವ ಸದ್ದು. ಹೊಸ ಲೆದರಿನದು ಬೇರೆ, ಹಳೇದರದ್ದು ಬೇರೆ. ಈ ಕೆಲಸದವರ ಕಿವಿಗೆ ಅದು ತಪ್ಪೋದಿಲ್ಲ. ಇದು ಹಳೇದು. ಕಾರಿನ ಒಳಗಿಂದ... ಹಿಂದಿನ ಸೀಟಿನಿಂದ.

ಆಮೇಲೆ ಪಿಸುಮಾತು.

"ರೀ... ಒಣಗಿತಾ?"

ದಿನಕ್ಕೆ ಹತ್ತು ಜನ ಕೇಳುವ ಮಾತು ಅದು. ಸೂಜಿಯ ಬಾಯಿಗೆ ಅಭ್ಯಾಸ. "ಇಲ್ಲ, ಮುಂದಿಂದು ಇನ್ನೂ ಹಸಿ" ಅಂದುಬಿಟ್ಟ.

"ಸರಿ... ಹಿಂದೇನೇ ಇರ್ತೀನಿ."

ಅವನು ಶೆಡ್ಡಿಗೆ ಬೀಗ ಹಾಕಲಿಲ್ಲ. ನೇರ ಬಂದು ನನ್ನ ಬಾಗಿಲು ಬಡಿದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಏನಾಯಿತೋ ಅಷ್ಟನ್ನೂ ನಿಂತಲ್ಲೇ ಹೇಳಿದ.

"ಕುಡಿದಿದೀಯೇನೋ?"

"ಮೂಸಿ ನೋಡು ಬೇಕಾದ್ರೆ. ಕ್ರೀಮಿನ ವಾಸನೆ ಬಿಟ್ಟು ಬೇರೆ ಬಂದ್ರೆ ಕೇಳು."

"ನಿನ್ ಹೆಂಡ್ತಿ ಹುಡುಕ್ಕೊಂಡು ಬಂದಿರ್ತಾಳೆ."

"ನನ್ ಹೆಂಡ್ತಿ ಪಿಸುಗುಟ್ತಾಳಾ ಅಣ್ಣಾ? ಅವಳು ನನ್ ಹತ್ರ ಉಪ್ಪು ಕೇಳಿದ್ರೆ ನಾಲ್ಕು ಮನೆಯವರು ತಂದುಕೊಡ್ತಾರೆ."

ನಾನು ನಗಲಿಲ್ಲ. ಅವನೂ ನಗಲಿಲ್ಲ.

"ಅಣ್ಣಾ... ಅತ್ತಿಗೆ ಧ್ವನಿ ಥರಾನೇ ಇತ್ತು."

"ಹೂಂ."

"ಆದ್ರೆ ಹಿಂದೆ ಯಾಕೆ ಕೂತಿದಾರೆ? ಅತ್ತಿಗೆ ಯಾವತ್ತೂ ನಿನ್ ಪಕ್ಕದಲ್ಲೇ ಅಲ್ವಾ ಕೂರ್ತಿದ್ದಿದ್ದು?"

ನಾನು ಮಂಚದ ಮೇಲೆ ಕೂತೆ. ಆವರೆಗೆ ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದೆ.

ಅವಳು ಹೋದ ದಿನ ಸಂಜೆ ಅವಳ ಸೀಟಿಗೆ ಕ್ರೀಮು ಹಚ್ಚಿದ್ದೆ. ಬಿಸಿಲಿಗೆ ಬಿರಿಯೋಕೆ ಶುರುವಾಗಿತ್ತು. ರಾತ್ರಿ ಅವಳಿಗೆ ಎದೆನೋವು ಬಂತು. ಉಣ್ಣೆ ಶಾಲು ಹೊದ್ದುಕೊಂಡು ಕಾರಿನ ಹತ್ತಿರ ಬಂದಳು. ಮುಂದಿನ ಬಾಗಿಲಿಗೆ ಕೈ ಹಾಕಿದವಳು ನಿಂತಳು. "ಒಣಗಿತಾ?" ಅಂದಳು. ಅವಳಿಗೂ ನನ್ನ ಕಟ್ಟಳೆ ಗೊತ್ತಲ್ಲ. ನಾನು "ಇನ್ನೂ ಹಸಿ, ಹಿಂದೆ ಕೂತ್ಕೋ" ಅಂದೆ. ಯೋಚನೆ ಮಾಡಿ ಅಂದದ್ದಲ್ಲ. ಇಪ್ಪತ್ತೆರಡು ವರ್ಷದ ಬಾಯಿ, ಅಂದುಬಿಟ್ಟಿತು. ಹಿಂದೆ ಕೂತಳು. ದಾರಿಯಲ್ಲಿ ಎರಡು ಸಲ ಮಾತಾಡಿಸಿದೆ. ಮೊದಲನೇ ಸಲ ಹೂಂ ಅಂದಳು. ಎರಡನೇ ಸಲ ಅನ್ನಲಿಲ್ಲ. ಮಂಪರು ಬಂದಿರಬೇಕು ಅಂದುಕೊಂಡೆ. ಪಕ್ಕದಲ್ಲಿದ್ದಿದ್ದರೆ ಕಾಣುತ್ತಿತ್ತು. ಕೈ ಹಿಡಿದುಕೊಳ್ಳುತ್ತಿದ್ದೆ. ಆಸ್ಪತ್ರೆ ಮುಂದೆ ಹಿಂದಿನ ಬಾಗಿಲು ತೆಗೆದೆ... ಆಗಿಹೋಗಿತ್ತು.

ಸೂಜಿ ಬಾಗಿಲ ಹತ್ತಿರದಿಂದ ಬಂದು ನನ್ನ ಪಕ್ಕ ಕೂತ. ಆಮೇಲೆ ಅಂದ, "ಬೆಳಗ್ಗೆ ಮೇಷ್ಟ್ರು ಬರ್ತಾರೆ."

"ಬರ್ತಾರೆ."

"ಹೀಗೇ ಕೊಟ್ಬಿಟ್ರೆ ಅತ್ತಿಗೆ ಹಿಂದೇನೇ ಕೂತು ಅವರ ಜೊತೆ ಹೋಗ್ತಾರೆ."

ನಾನು ಚಪ್ಪಲಿ ಮೆಟ್ಟಿದೆ. ಬಾವಿ ದಾಟುವಾಗ ತಗಡು ಒಂದೇ ಸಲ ಟಣ್ ಅಂದಿತು. ಶೆಡ್ಡಿನ ಹತ್ತಿರ ಸೂಜಿ ನಿಂತುಬಿಟ್ಟ.

"ನಾನು ಇಲ್ಲೇ ಇರ್ತೀನಿ. ಕೂಗಿದ್ರೆ ಬರ್ತೀನಿ."

"ಬರ್ತೀಯಾ?"

"...ಇಲ್ಲ."

ಒಳಗೆ ಕತ್ತಲು. ಅವಳ ಕಡೆಯ ಮುಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ಕೈಯ ಹಿಂಭಾಗ ಇಟ್ಟೆ. ನಾವು ನೋಡೋದು ಹಾಗೇ. ಅಂಗೈ ಜಡ್ಡುಗಟ್ಟಿರುತ್ತೆ, ಅದಕ್ಕೆ ತಿಳಿಯೋದಿಲ್ಲ. ಕೈ ಅಂಟಿತು. ಇನ್ನೂ ನಾಲ್ಕು ಗಂಟೆಯಾದರೂ ಬೇಕಿತ್ತು.

"ಒಣಗಿದೆ" ಅಂದೆ. "ಮುಂದೆ ಬಾ."

ಏನೂ ಕೇಳಿಸಲಿಲ್ಲ. ಬಾಗಿಲು ತೆರೆದೇ ಬಿಟ್ಟು ಆ ಕಡೆ ಸುತ್ತಿಕೊಂಡು ಹೋಗಿ ಸ್ಟೇರಿಂಗಿನ ಮುಂದೆ ಕೂತೆ. ಅದೂ ಹಸಿ. ಪ್ಯಾಂಟಿಗೆ ತಣ್ಣಗೆ ಹತ್ತಿತು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ.

ಹಿಂದೆ... ಹುಸ್ಸ್.

ಕೂತವರು ಎದ್ದಾಗ ಸೀಟಿನ ಸ್ಪಂಜು ಗಾಳಿ ಎಳೆದುಕೊಳ್ಳುವ ಸದ್ದು.

ಆಮೇಲೆ ನನ್ನ ಪಕ್ಕದಲ್ಲಿ. ಕಿರ್ರ್...

"ಹಸಿ ಇದೆಯಲ್ರೀ."

"ಇರ್ಲಿ. ಕೂತ್ಕೋ."

ಅಷ್ಟೇ ಮಾತು. ನಾನು ತಿರುಗಿ ನೋಡಲಿಲ್ಲ. ಕಾರು ಸ್ಟಾರ್ಟ್ ಮಾಡಲಿಲ್ಲ. ಎಲ್ಲಿಗೆ ಅಂತ ಹೋಗೋದು. ಅಳು ಬರುತ್ತೆ ಅಂದುಕೊಂಡಿದ್ದೆ, ಬರಲಿಲ್ಲ. ಗೋಡೆಯ ಮೇಲೆ ತೂಗುಹಾಕಿದ್ದ ಬ್ರಶ್ಶುಗಳು ಒಂದೊಂದೇ ಕಾಣತೊಡಗಿದವು. ಬೆಳಗಾಯಿತು ಅಂತ ಗೊತ್ತಾಯಿತು.

ಸೂಜಿ ಇಣುಕಿದ. ನನ್ನ ಮುಖ ನೋಡಿದ. ಆಮೇಲೆ ಪಕ್ಕಕ್ಕೆ ನೋಡಿದ.

"ಅಣ್ಣಾ. ಆ ಸೀಟು."

ಕ್ರೀಮಿನ ಮೇಲೆ ಅಚ್ಚು ಮೂಡಿತ್ತು. ದಪ್ಪ ಉಣ್ಣೆಯ ಹೆಣಿಗೆ, ಸಾಲು ಸಾಲು. ಒಂದು ಕಡೆ ಎರಡು ಸಾಲು ಕೂಡಿ ಒಂದಾಗಿತ್ತು. ಅವಳ ಶಾಲು ಅವಳೇ ಹೆಣೆದದ್ದು. ಅದರಲ್ಲೂ ಅದೇ ಜಾಗದಲ್ಲಿ ಹೆಣಿಗೆ ತಪ್ಪಿತ್ತು. ಬಿಚ್ಚಿ ಮತ್ತೆ ಹೆಣಿ ಅಂದರೆ, "ಕಾರಿನ ಸೀಟು ನೋಡೋ ಕಣ್ಣಲ್ಲಿ ನನ್ನ ನೋಡಬೇಡಿ" ಅನ್ನುತ್ತಿದ್ದಳು.

ಎಂಟಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಒಳಗೆ ಬಗ್ಗಿ ನೋಡಿದರು.

"ಯಾರೋ ಕೂತುಬಿಟ್ಟಿದಾರಲ್ಲ?"

"ನಮ್ಮನೆಯವಳು" ಅಂದೆ.

"ಪರವಾಗಿಲ್ಲ ಬಿಡಿ, ಅವರಿಗೂ ಇಷ್ಟದ ಕಾರಲ್ವಾ."

ಸೂಜಿ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ. ನಾನು ಮೆತ್ತನೆ ಬಟ್ಟೆ ತಗೊಂಡು ಎರಡು ಸೀಟೂ ಉಜ್ಜಿದೆ. ನನ್ನ ಅಚ್ಚೂ ಹೋಯಿತು, ಅವಳದೂ ಹೋಯಿತು. ಹಿಂದಿನ ಸೀಟಿಗೆ ಕ್ರೀಮು ಹಚ್ಚಿ, ಸಂಜೆವರೆಗೂ ಯಾರನ್ನೂ ಕೂರಿಸಬೇಡಿ ಅನ್ನಬೇಕಿತ್ತು. ಅನ್ನೋಕೆ ಬಾಯಿ ಬರಲಿಲ್ಲ. ಹಚ್ಚದೆಯೇ ಕೊಟ್ಟೆ. ಮೇಷ್ಟ್ರಿಗೆ ಇವತ್ತಿನವರೆಗೂ ಏನೂ ಕೇಳಿಸಿಲ್ಲ. ವರ್ಷಕ್ಕೊಂದು ಸಲ ಸೀಟು ಮಾಡಿಸೋಕೆ ಬರುತ್ತಾರೆ, ಆಗೆಲ್ಲ ಅವರನ್ನು ಕೇಳಿ ನೋಡಿದ್ದೇನೆ.

ನಿದ್ದೆಗಣ್ಣು, ದುಃಖ, ಅಂತ ಜನ ಅಂದರು. ಇರಬಹುದು. ಸೂಜಿಗೆ ಯಾವ ದುಃಖ ಇತ್ತು? ಅವನೂ ಕೇಳಿದ್ದಾನೆ, ನೋಡಿದ್ದಾನೆ. ನಡೆದದ್ದು ನಡೆದದ್ದೇ.

ಇನ್ನೊಂದು ಇದೆ. ಆಸ್ಪತ್ರೆಯವರು ಅವಳ ಶಾಲನ್ನು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಆವತ್ತೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತೆ. ಕಾರು ಹೋದ ಮೇಲೆ ಮನೆಗೆ ಬಂದು ಟ್ರಂಕು ತೆಗೆದೆ. ಶಾಲಿನ ಬೆನ್ನಿನ ಕಡೆ ಪೂರ್ತಿ ಕ್ರೀಮು ಮೆತ್ತಿತ್ತು. ನನ್ನ ಡಬ್ಬಿಯದೇ, ವಾಸನೆ ಗೊತ್ತಾಗುತ್ತೆ. ನನ್ನ ಪ್ಯಾಂಟಿನದು ಮಧ್ಯಾಹ್ನದೊಳಗೆ ಒಣಗಿ ಪುಡಿಪುಡಿಯಾಗಿ ಉದುರಿತು.

ಇದೆಲ್ಲ ಆಗಿ ಮೂರು ವರ್ಷ. ಶಾಲು ಟ್ರಂಕಿನಲ್ಲೇ ಇದೆ. ನಂಬದವರು ಬಂದು ಮುಟ್ಟಿ ನೋಡಬಹುದು. ಕೈಯ ಹಿಂಭಾಗ ಇಡಿ.

ಇನ್ನೂ ಹಸಿ.