ಮೈಕಿನಲ್ಲಿ ಅವ್ವನಿಗೆ ಹೇಳಿದ್ದು

ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಫಜಲುಲ್ಲಾ ಸಾಹೇಬರೇ, ಸನ್ಮಾನದ ನೆಪದಲ್ಲಿ ನನ್ನನ್ನು ಚಿಕ್ಕನಾಯಕನಹಳ್ಳಿಗೆ ಕರೆತಂದ ದಯಾನಂದ್ ಮೇಷ್ಟ್ರೇ, ಸಾಮೂಹಿಕ ಸೀಮಂತಕ್ಕೆಂದು ಹೂ ಮುಡಿದು ಕೂತಿರುವ ಹನ್ನೊಂದು ಮಂದಿ ತಾಯಂದಿರೇ, ಮುಂದಿನ ಸಾಲಿನಲ್ಲಿರುವ ನನ್ನ ಅವ್ವ ಪುಟ್ಟಗಂಗಮ್ಮನವರೇ, ಸಭಿಕರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಖ್ಯಾತ ಜೀವವಿಜ್ಞಾನಿ’ ಎಂದಷ್ಟೇ ಹಾಕಿದ್ದೀರಿ. ಯಾವ ಜೀವ, ಏನು ವಿಜ್ಞಾನ ಎಂದು ಅಚ್ಚು ಹಾಕಿಸಲು ಮೇಷ್ಟ್ರಿಗೆ ನಾಚಿಕೆಯಾಯಿತಂತೆ. ತಪ್ಪಿಲ್ಲ ಬಿಡಿ. ಬೆಂಗಳೂರಿನಲ್ಲಿ ನಿಮ್ಮ ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನನ್ನ ಅವ್ವ, “ಅದೇನೋ ಹುಳ ನೋಡ್ತಾನೆ ಕಣಪ್ಪ” ಅನ್ನುತ್ತಿದ್ದಳು. ಮೂವತ್ತೈದು ವರ್ಷ ನಾನು ನೋಡಿದ್ದು ಗಂಡಸರ ವೀರ್ಯವನ್ನು. ಮಕ್ಕಳಾಗದ ಮನೆಗಳಲ್ಲಿ ಗಂಡಸಿನ ಕಡೆಯ ಕಾರಣವೇನು ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು.

ಈ ವಿದ್ಯೆಯನ್ನು ನಾನು ಮೊದಲು ಕಲಿತದ್ದು ಎಲ್ಲಿ ಗೊತ್ತೇ? ಹುಳಿಯಾರಿನ ಆಚೆ, ನಮ್ಮ ಹಟ್ಟಿಯ ಕುರಿ ರೊಪ್ಪದಲ್ಲಿ. ಒಂದು ವರ್ಷ ಅರ್ಧ ಹಿಂಡು ಗಬ್ಬ ಕಟ್ಟಲಿಲ್ಲ. ನಮ್ಮಪ್ಪ ದಾಸಣ್ಣ ಆ ಕುರಿಗಳನ್ನು ಮಾರಿಬಿಡುವ ಮಾತೆತ್ತಿದ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, “ಕುರೀದೇನ್ ತಪ್ಪು? ಮೊದ್ಲು ಟಗರು ಬದಲಾಯ್ಸಿ ನೋಡು” ಎಂದಳು. ಸಂತೆಯಿಂದ ಹೊಸ ಟಗರು ಬಂತು. ಮುಂದಿನ ವರ್ಷ ರೊಪ್ಪದ ತುಂಬ ಮರಿ. ದೇಶವಿದೇಶಗಳಲ್ಲಿ ದೊಡ್ಡ ದೊಡ್ಡ ಗುರುಗಳನ್ನು ಕಂಡೆ, ಆದರೆ ಅವ್ವನಷ್ಟು ನೇರವಾಗಿ ವಿಷಯಕ್ಕೆ ಬಂದವರು ಕಡಿಮೆ.

ನನ್ನ ಸಂಶೋಧನೆಯ ಬಗ್ಗೆ ನಾಲ್ಕು ಪುಟ ಬರೆದು ತಂದಿದ್ದೆ. ಅದು ಜೇಬಿನಲ್ಲೇ ಇರಲಿ. ಈಗ ಹತ್ತು ನಿಮಿಷದ ಕೆಳಗೆ ಮೇಷ್ಟ್ರು, “ಮಕ್ಕಳಿರುವ ಮುತ್ತೈದೆಯರು ಮಡಿಲು ತುಂಬಲು ಮುಂದೆ ಬರಬೇಕು” ಎಂದು ಕರೆದರು. ಅವರು ಕೆಟ್ಟದ್ದೇನೂ ಮಾಡಲಿಲ್ಲ, ನಡೆದುಬಂದ ಪದ್ಧತಿಯನ್ನು ಹೇಳಿದರು. ಹೆಂಗಸರೆಲ್ಲ ಎದ್ದರು. ಮೂರನೆಯ ಸಾಲಿನಲ್ಲಿದ್ದ ನನ್ನ ಹೆಂಡತಿ ವನಜಾ ಏಳಲಿಲ್ಲ. ಉಳಿದವರಿಗೆ ದಾರಿಯಾಗಲೆಂದು ಮೊಣಕಾಲು ಓರೆ ಮಾಡಿಕೊಂಡಳು. ಎಷ್ಟು ಅಭ್ಯಾಸವಾಗಿಹೋಗಿದೆ ನೋಡಿ ಅವಳಿಗೆ.

ಕ್ಷಮಿಸಿ, ಸ್ವಲ್ಪ ನೀರು ಕುಡಿಯುತ್ತೇನೆ.

ನಾವು ಮದುವೆಯಾಗಿ ಎರಡು ವರ್ಷವಾಗಿತ್ತು. ತೊಂದರೆ ಇರುವವರ ವೀರ್ಯದ ಮಾದರಿಯ ಜೊತೆ ಹೋಲಿಸಿ ನೋಡಲು ಆರೋಗ್ಯವಂತರ ಮಾದರಿ ಬೇಕು. ಲ್ಯಾಬಿನಲ್ಲಿದ್ದ ನಾವು ನಾಲ್ಕು ಜನ ಗಂಡಸರೇ ಸರದಿಯಂತೆ ಕೊಡುತ್ತಿದ್ದೆವು. ಮೊದಲ ಸಲ ನನ್ನ ಸರದಿ ಬಂದಾಗ ನಾನೇ ಮೈಕ್ರೋಸ್ಕೋಪಿನಲ್ಲಿ ವೀರ್ಯಾಣು ಹುಡುಕಿದೆ. ಒಂದೂ ಇರಲಿಲ್ಲ. ಗಾಜಿನದೇ ದೋಷವಿರಬೇಕೆಂದು ಬೇರೆ ಗಾಜಿನಲ್ಲಿ ನೋಡಿದೆ. ಮತ್ತೆ ಎರಡು ವಾರ ಬಿಟ್ಟು ನೋಡಿದೆ. ಒಂದೂ ಇರಲಿಲ್ಲ. ಆಗ ಅದಕ್ಕೆ ನಮ್ಮ ಕೈಯಲ್ಲಿ ಚಿಕಿತ್ಸೆಯೂ ಇರಲಿಲ್ಲ.

ವನಜಾಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. ಅಳಲಿಲ್ಲ. “ಯಾರಿಗೂ ಹೇಳಕ್ಕೆ ಹೋಗ್ಬೇಡಿ. ಇದೇ ಓದು ಓದಿರೋ ನಿಮ್ಮನ್ನ ಜನ ಆಡ್ಕೊಂಡು ನಗ್ತಾರೆ. ನನ್ನನ್ನ ಅಂದ್ರೆ ಅನ್ಲಿ ಬುಡಿ” ಎಂದಳು.

ನಾನು “ಆಯ್ತು” ಎಂದೆ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ನನ್ನ ಮುಂದೆ ಕೂತ ಎಷ್ಟೋ ಗಂಡಸರಿಗೆ, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಧೈರ್ಯ ಹೇಳಿದೆ. ಹಬ್ಬಕ್ಕೆ ಹಟ್ಟಿಗೆ ಬಂದಾಗ ಅವ್ವ, “ಇವಳ ಹೊಟ್ಟೇಲಿ ಹುಟ್ಟಲ್ಲ ಕಣ್ಲಾ, ಇನ್ನೊಂದು ಮಾಡ್ಕೊ” ಎಂದರೆ ತಲೆ ತಗ್ಗಿಸಿ ಮುದ್ದೆ ನುಂಗಿದೆ. ವನಜಾ ಸಾರು ಬಡಿಸುತ್ತಿದ್ದಳು. ಹೀಗೆ ಮೂವತ್ತೆರಡು ವರ್ಷ ಕಳೆದೆ. ಇಂಥವನಿಗೆ ಶಾಲು ಹೊದಿಸಿದ್ದೀರಿ.

ಅವ್ವನಿಗೆ ಈಗ ಕಿವಿ ಮಂದ. ಮನೆಯಲ್ಲಿ ಹೇಳಿದರೆ ಕೇಳಿಸುವುದಿಲ್ಲ ಎಂಬುದೂ ನನಗೊಂದು ನೆಪವಾಗಿತ್ತು. ಮೈಕಿನಲ್ಲಿ ಕೇಳಿಸುತ್ತದೆ. ಸಭೆಯವರು ಒಂದು ನಿಮಿಷ ನನ್ನನ್ನು ಸಹಿಸಿಕೊಳ್ಳಬೇಕು.

ಅವ್ವ, ವನಜಂದೇನೂ ತಪ್ಪಿಲ್ಲ ಕಣವ್ವ. ಐಬು ಇದ್ದಿದ್ದು ನನ್ನಲ್ಲಿ. ನನಗೆ ಮೊದಲಿಂದ್ಲೂ ಗೊತ್ತಿತ್ತು. ಅವಳು ನನ್ನ ಮಾನ ಕಾದಳು, ನಾನು ಅವಳದ್ದನ್ನ ಕಾಯಲಿಲ್ಲ.

ವನಜಾ, ಸಾಕು ಅಂತ ಕೈ ಮಾಡಬೇಡ. ಮುಗೀತು.

ಅವ್ವ ಎದ್ದಿದ್ದಾಳೆ. ಯಾರೂ ಹಿಡಿಯಬೇಡಿ, ಕೋಲು ಇದೆ, ನಡೆಯುತ್ತಾಳೆ. ಇಲ್ಲ ಮೇಷ್ಟ್ರೇ, ವೇದಿಕೆಗೆ ಬರುತ್ತಿಲ್ಲ. ಮೂರನೆಯ ಸಾಲಿಗೆ ಹೋಗುತ್ತಿದ್ದಾಳೆ. ದಯವಿಟ್ಟು ಸ್ವಲ್ಪ ಜಾಗ ಬಿಡಿ. ಸೊಸೆಯ ಕೈ ಹಿಡಿದು ಎಬ್ಬಿಸುತ್ತಿದ್ದಾಳೆ.

ಸಭಿಕರೇ, ತಾಳ್ಮೆಯಿಂದ ಕೇಳಿದಿರಿ, ನಿಮಗೆ ನಾನು ಋಣಿ. ಮಡಿಲು ತುಂಬಲು ಅತ್ತೆ ಸೊಸೆ ಇಬ್ಬರೂ ಬರುತ್ತಿದ್ದಾರೆ. ನಾನು ಪಕ್ಕಕ್ಕೆ ಸರಿಯುತ್ತೇನೆ. ನಮಸ್ಕಾರ.